ಹೇಟೆ ಕಣ್ಣು ಮುಚ್ಚಿದಾಗ

(ಮಾತಾಡುವವರು ಇಬ್ಬರು. ಒಬ್ಬರು ಪಿರಿಯಾಪಟ್ಟಣ ಕಡೆಯ ಹಳ್ಳಿಯೊಂದರಲ್ಲಿ ಹಿತ್ತಲ ಕೋಳಿ ಸಾಕುವ ಅಕ್ಕ. ಇನ್ನೊಬ್ಬರು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಸೀಮೆಯ ಪಶು ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತರಾದ ಡಾಕ್ಟರು.)

ಅಕ್ಕ: ಡಾಕ್ಟ್ರೇ, ನಮ್ಮ ಕೆಂಚು ಹೇಟೆ ಕಣ್ಣೇ ಬಿಡ್ತಿಲ್ಲ. ಗೀಜು ಕಟ್ಕೊಂಡು ರೆಪ್ಪೆ ಅಂಟಿಹೋಗಿದೆ. ತುಂಬೆ ರಸ ಹಿಂಡಿದ್ದಾಯ್ತು, ಅರಿಶಿನ ಹಚ್ಚಿದ್ದಾಯ್ತು. ಯಾವುದಾದ್ರೂ ಡ್ರಾಪ್ಸ್ ಹೆಸರು ಬರ್ಕೊಡಿ, ಮೆಡಿಕಲ್ ಸ್ಟೋರಿಂದ ಹುಡುಗನ ಕೈಲಿ ತರಿಸ್ಕೋತೀನಿ.

ಡಾಕ್ಟರು: ಡ್ರಾಪ್ಸ್ ಆಮೇಲೆ. ಮುಚ್ಚಿರೋದು ಒಂದು ಕಣ್ಣೋ, ಎರಡೂ ಕಣ್ಣೋ?

ಅಕ್ಕ: ಒಂದೇ. ಅದರಲ್ಲೇನು ವ್ಯತ್ಯಾಸ? ನೋವು ನೋವೇ ಅಲ್ವಾ?

ಡಾಕ್ಟರು: ನೋವು ಒಂದೇ, ಕಾರಣ ಬೇರೆ. ಒಂದೇ ಕೋಳಿಗೆ ಒಂದೇ ಕಣ್ಣು ಅಂದ್ರೆ ಮೊದಲು ಅನುಮಾನ ಪೆಟ್ಟಿನ ಮೇಲೆ. ಇನ್ನೊಂದು ಕೋಳಿ ಕುಕ್ಕಿರಬಹುದು, ಬೇಲಿ ಮುಳ್ಳು ಚುಚ್ಚಿರಬಹುದು, ಭತ್ತದ ಹೊಟ್ಟಿನ ಚೂರು ರೆಪ್ಪೆ ಒಳಗೆ ಸೇರಿರಬಹುದು. ಎರಡೂ ಕಣ್ಣಲ್ಲಿ ನೀರು, ಅದೂ ನಾಲ್ಕಾರು ಕೋಳಿಗೆ ಒಟ್ಟಿಗೆ ಅಂದ್ರೆ ತೊಂದರೆ ಕಣ್ಣಲ್ಲಿಲ್ಲ, ಗೂಡಲ್ಲೋ ಗಾಳೀಲೋ ಮೇವಲ್ಲೋ ಇದೆ. ಮುಖ ಊದಿದೆಯಾ, ಮೂಗು ಸೋರ್ತಿದೆಯಾ, ಜುಟ್ಟಿನ ಮೇಲೆ ಗುಳ್ಳೆ ಇದೆಯಾ, ಈಚೆಗೆ ಹೊಸ ಕೋಳಿ ಮನೆಗೆ ಬಂತಾ, ಇದನ್ನೆಲ್ಲಾ ಕೇಳದೆ ಡ್ರಾಪ್ಸ್ ಬರೆದುಕೊಟ್ಟರೆ ನಾನು ಡಾಕ್ಟರಲ್ಲ, ಕಣಿ ಹೇಳೋನು.

ಅಕ್ಕ: ಮುಖ ಊದಿಲ್ಲ, ಗುಳ್ಳೆನೂ ಇಲ್ಲ. ಆದ್ರೆ ನೀವು ಕೇಳಿದ್ದಕ್ಕೆ ಹೇಳ್ತೀನಿ, ಬೆಳಿಗ್ಗೆ ಗೂಡು ತೆಗೆದಾಗ ಬೇರೆ ಕೋಳಿಗಳೂ ಕಣ್ಣು ಕಿರಿದು ಮಾಡ್ಕೊಂಡು ಬರ್ತವೆ. ಹೊತ್ತೇರಿದ ಮೇಲೆ ಸರಿಹೋಗ್ತವೆ.

ಡಾಕ್ಟರು: ಹಾಗಾದ್ರೆ ಅರ್ಧ ಉತ್ತರ ನೀವೇ ಕೊಟ್ಟುಬಿಟ್ರಿ. ಗೂಡು ಎಲ್ಲಿದೆ?

ಅಕ್ಕ: ಹೊಗೆಸೊಪ್ಪು ಬೇಯಿಸೋ ಬ್ಯಾರನ್ ಗೋಡೆಗೆ ಒತ್ತಿ ಕಟ್ಟಿದ್ದೀವಿ. ಬೆಚ್ಚಗಿರುತ್ತೆ ಅಂತ. ಮಳೆಗಾಲದಲ್ಲಿ ಮರಿಗಳಿಗೆ ಚಳಿ ತಡೆಯೋಕೆ ಇದಕ್ಕಿಂತ ಒಳ್ಳೆ ಜಾಗ ಎಲ್ಲಿ?

ಡಾಕ್ಟರು: ಹುಣಸೂರು, ಪಿರಿಯಾಪಟ್ಟಣದ ಕಡೆ ಇದನ್ನ ಎಷ್ಟೋ ಮನೇಲಿ ನೋಡಿದ್ದೀನಿ. ವರ್ಜೀನಿಯಾ ಹೊಗೆಸೊಪ್ಪು ಬೇಯಿಸೋ ಕಾಲಕ್ಕೆ ಬ್ಯಾರನ್ ಒಲೆಗೆ ಸೌದೆ ಹಾಕಿ ರಾತ್ರಿಯೆಲ್ಲಾ ಉರಿಸ್ತೀರಿ. ಬಿಸಿ ಬರುತ್ತೆ ನಿಜ, ಜೊತೆಗೆ ಹೊಗೆಯೂ ಬರುತ್ತೆ. ಮಳೆ ಎರಚಲು ಬೀಳುತ್ತೆ ಅಂತ ಗೂಡಿಗೆ ಟಾರ್ಪಾಲು ಕಟ್ಟಿ ಗಾಳಿ ಮುಚ್ಚಿರ್ತೀರಿ. ಒಳಗೆ ಹಿಕ್ಕೆ ಒದ್ದೆಯಾಗಿ ಕೊಳೀತಾ ಇರುತ್ತೆ. ಕೊಳೆತ ಹಿಕ್ಕೆಯಿಂದ ಅಮೋನಿಯಾ ಏಳುತ್ತೆ. ಅದು ಕಣ್ಣಿನ ಮೇಲಿನ ತೆಳು ಪೊರೆಯನ್ನ ಸುಡುತ್ತೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅಮೋನಿಯಾ 25 ಭಾಗ ದಾಟಬಾರದು ಅಂತ ಕೋಳಿ ಸಾಕಣೆಯ ಲೆಕ್ಕ. ಅದರ ಎರಡರಷ್ಟು ಮೂರರಷ್ಟು ಏರಿ ಹಾಗೇ ನಿಂತರೆ ಕಣ್ಣುಗುಡ್ಡೆ ಮೇಲೆ ಹುಣ್ಣೇ ಆಗುತ್ತೆ. ಕೋಳಿ ಬೆಳಕು ತಾಳಲಾರದೆ ಗೋಡೆ ಕಡೆ ಮುಖ ಮಾಡಿ ಕೂರುತ್ತೆ.

ಅಕ್ಕ: ನಮ್ಮ ಗೂಡು ಅಷ್ಟೇನೂ ನಾರಲ್ಲ.

ಡಾಕ್ಟರು: ದಿನಾ ಮೂಸೋರಿಗೆ ನಾತ ಗೊತ್ತಾಗಲ್ಲಕ್ಕ, ಮೂಗು ಒಗ್ಗಿಹೋಗಿರುತ್ತೆ. ಅದೂ ಅಲ್ದೆ ನೀವು ಮೂಸೋದು ನಿಂತ್ಕೊಂಡು. ಕೋಳಿ ಉಸಿರಾಡೋದು ನೆಲದಿಂದ ಒಂದು ಗೇಣು ಮೇಲೆ. ನಾಳೆ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಬಗ್ಗಿ, ಕೋಳಿ ಎತ್ತರಕ್ಕೆ ಮುಖ ಇಟ್ಟು, ಸ್ವಲ್ಪ ಹೊತ್ತು ಇರಿ. ನಿಮ್ಮ ಕಣ್ಣು ಉರಿದ್ರೆ ಅದರ ಕಣ್ಣಿನ ಗತಿ ಏನು ಅಂತ ತಿಳಿಯುತ್ತೆ.

ಅಕ್ಕ: ಸುಣ್ಣ ಎರಚಿಬಿಡ್ತೀನಿ ಬಿಡಿ. ನಮ್ಮತ್ತೆ ಕಾಲದಿಂದ ಮಾಡ್ತಿರೋದೇ.

ಡಾಕ್ಟರು: ಸುಣ್ಣ ಒಳ್ಳೇದು, ಆದ್ರೆ ಒದ್ದೆ ಹಿಕ್ಕೆ ಮೇಲೇ ಎರಚಿದ್ರೆ ಅಮೋನಿಯಾ ಇನ್ನೂ ಜಾಸ್ತಿ ಏಳುತ್ತೆ. ಮೊದಲು ಒದ್ದೆಯನ್ನೆಲ್ಲ ಕೆರೆದು ತಿಪ್ಪೆಗೆ ಹಾಕಿ. ನೆಲಕ್ಕೆ ಸುಣ್ಣ ಬಳಿದು ಒಣಗಿಸಿ. ಆಮೇಲೆ ಒಣಗಿದ ಭತ್ತದ ಹೊಟ್ಟು ಹರಡಿ, ಆಗಾಗ ತಿರುವಿ ಹಾಕಿ. ಟಾರ್ಪಾಲನ್ನ ಕೆಳಗೆ ಕಟ್ಟಿ, ಸೂರಿನ ಕೆಳಗೆ ಒಂದು ಅಡಿ ಬಿಡಿ. ಅಮೋನಿಯಾ ಗಾಳಿಗಿಂತ ಹಗುರ, ಮೇಲಿಂದ ಹೊರಗೆ ಹೋಗುತ್ತೆ. ಬ್ಯಾರನ್ ಉರಿಯೋವಾಗ ಗೂಡನ್ನ ಹೊಗೆ ಬೀಸದ ಬದಿಗೆ ಸಾಗಿಸಿ. ಸೊಪ್ಪು ಗ್ರೇಡಿಂಗ್ ಮಾಡೋ ಕೊಠಡೀಲಿ ಕೋಳಿ ಕೂರಿಸಬೇಡಿ, ಆ ದೂಳು ನಿಮ್ಮ ಕಣ್ಣಿಗೇ ಆಗಲ್ಲ.

ಅಕ್ಕ: ಸರಿ, ಅದು ನಮ್ಮನೆ ಕತೆ. ಎಚ್.ಡಿ.ಕೋಟೆ ಕಡೆ ಕೊಟ್ಟಿರೋ ನನ್ನ ತಂಗಿ ಮನೇಲಿ ಬೇರೇನೇ ಆಗಿದೆ. ಮರಿಗಳ ಕಣ್ಣಿನ ಸುತ್ತ ಗುಳ್ಳೆ ಎದ್ದು, ಹುಣ್ಣಾಗಿ, ಕಪ್ಪು ಹೆಕ್ಕಳೆ ಕಟ್ಟಿದೆಯಂತೆ. ಅಮ್ಮ ಬಂದಿದೆ ಅಂತ ಬೇವಿನ ಸೊಪ್ಪು ಸಿಕ್ಕಿಸಿ ಸುಮ್ಮನಿದ್ದಾಳೆ.

ಡಾಕ್ಟರು: ಅದು ಕೋಳಿ ಸಿಡುಬು. ಮನುಷ್ಯರಿಗೆ ಬರ್ತಿದ್ದ ಸಿಡುಬಿಗೂ ಇದಕ್ಕೂ ಸಂಬಂಧ ಇಲ್ಲ, ಜನಕ್ಕೆ ಅಂಟಲ್ಲ. ಇದರ ವೈರಸ್ಸನ್ನ ಸೊಳ್ಳೆ ಹೊತ್ಕೊಂಡು ತಿರುಗುತ್ತೆ. ಪುಕ್ಕ ಇಲ್ಲದ ಜಾಗ ಅಂದ್ರೆ ಜುಟ್ಟು, ರೆಪ್ಪೆ, ಗಲ್ಲದ ಜೋಲು. ಸೊಳ್ಳೆ ಕಚ್ಚೋದೂ ಅಲ್ಲೇ, ಗುಳ್ಳೆ ಏಳೋದೂ ಅಲ್ಲೇ. ಕಬಿನಿ ಹಿನ್ನೀರಿನ ಕಡೆ, ಕಾಡಂಚಿನ ಹಾಡಿಗಳ ಕಡೆ, ಮಳೆ ಬಿಟ್ಟ ಮೇಲೆ ಸೊಳ್ಳೆಗೆ ಬರವೇ? ಒಡೆದ ಮಡಕೆ, ತೆಂಗಿನ ಚಿಪ್ಪು, ಟೈರು, ಎಲ್ಲದರಲ್ಲೂ ನೀರು.

ಅಕ್ಕ: ಅದಕ್ಕೆ ಔಷಧ?

ಡಾಕ್ಟರು: ವೈರಸ್ಸನ್ನು ಕೊಲ್ಲೋ ಔಷಧ ಇಲ್ಲ. ಆದ್ರೆ ಕೇಳಿ, ಹೀಗೆ ಚರ್ಮದ ಮೇಲಷ್ಟೇ ಏಳೋ ಒಣ ಸಿಡುಬು ಬಂದ ಮರಿ ಬಹಳ ಸಲ ರೋಗದಿಂದ ಸಾಯಲ್ಲ, ಹಸಿವಿಂದ ಸಾಯುತ್ತೆ. ಎರಡೂ ಕಣ್ಣು ಮುಚ್ಚಿದ ಮರಿಗೆ ಕಾಳು ಎಲ್ಲಿದೆ, ನೀರು ಎಲ್ಲಿದೆ ಕಾಣಲ್ಲ. ಎರಡರಿಂದ ನಾಲ್ಕು ವಾರದಲ್ಲಿ ಹೆಕ್ಕಳೆ ತಾನಾಗೇ ಉದುರುತ್ತೆ. ಅಲ್ಲೀತನಕ ಅದನ್ನ ಬದುಕಿಸಿಕೊಳ್ಳೋದೇ ಚಿಕಿತ್ಸೆ. ಬೇರೆ ಕುಕ್ಕೇಲಿ ಹಾಕಿ, ರಾಗಿ ಮುದ್ದೇನೋ ನೆನೆಸಿದ ನುಚ್ಚನ್ನೋ ಸಣ್ಣ ಉಂಡೆ ಮಾಡಿ ಕೊಕ್ಕಿಗೆ ಇಡಬೇಕು. ಕೊಕ್ಕಿನ ತುದೀನ ನೀರಿಗೆ ಅದ್ದಿ ಕುಡಿಸಬೇಕು. ಬೇವಿನೆಣ್ಣೆಗೆ ಅರಿಶಿನ ಕಲಸಿ ಹೆಕ್ಕಳೆ ಮೇಲೆ ಸವರಬಹುದು, ಚರ್ಮ ಮೆತ್ತಗಾಗುತ್ತೆ, ನೊಣ ಕೂರಲ್ಲ. ಕಣ್ಣೊಳಗೆ ಮಾತ್ರ ಬೇಡ.

ಅಕ್ಕ: ಹೆಕ್ಕಳೆ ಕಿತ್ತು ಹಾಕಿದ್ರೆ ಬೇಗ ವಾಸಿಯಾಗಲ್ವಾ?

ಡಾಕ್ಟರು: ಕೀಳಲೇಬೇಡಿ. ರಕ್ತ ಬರುತ್ತೆ, ರೆಪ್ಪೆ ಸೊಟ್ಟಗಾಗುತ್ತೆ. ಅದಕ್ಕಿಂತ ಮುಖ್ಯ, ಒಣಗಿದ ಹೆಕ್ಕಳೇಲಿ ವೈರಸ್ಸು ತಿಂಗಳುಗಟ್ಟಲೆ ಜೀವಂತ ಇರುತ್ತೆ. ಉದುರಿದ್ದನ್ನ ಗುಡಿಸಿ ಸುಡಬೇಕು. ಇನ್ನೊಂದು ವಿಷಯ, ಬಾಯಿ ತೆಗೆದು ನೋಡಬೇಕು. ಗಂಟಲಲ್ಲಿ ಹಳದಿ ಪೊರೆ ಕಟ್ಟಿದ್ದರೆ ಅದು ಹಸಿ ಸಿಡುಬು, ಉಸಿರು ಕಟ್ಟುತ್ತೆ. ಅದಕ್ಕೆ ಆಸ್ಪತ್ರೆಗೆ ಹೋಗಲೇಬೇಕು. ಇನ್ನೂ ರೋಗ ತಗಲದ ಕೋಳಿಗಳಿಗೆ ಆಗಲೂ ಲಸಿಕೆ ಹಾಕಬಹುದು, ತಡವಾಯ್ತು ಅಂತ ಕೈ ಚೆಲ್ಲಬೇಕಾಗಿಲ್ಲ.

ಅಕ್ಕ: ಕೆ.ಆರ್.ನಗರದ ನಮ್ಮ ಬೀಗರ ಕೋಳಿಗಳಿಗೂ ಕಣ್ಣೇ. ಅವರದು ನಾಲೆ ಬಯಲು, ಭತ್ತದ ಸೀಮೆ. ಹೊಗೇನೂ ಇಲ್ಲ, ಗುಳ್ಳೆನೂ ಇಲ್ಲ. ರೆಪ್ಪೆ ಒಳಗೆ ಬೆಳ್ಳಗೆ ಗಿಣ್ಣಿನ ಥರ ಏನೋ ಸೇರ್ಕೊಂಡಿದೆ ಅಂತಾರೆ.

ಡಾಕ್ಟರು: ಏನು ಹಾಕ್ತಾರೆ ತಿನ್ನೋಕೆ?

ಅಕ್ಕ: ಇನ್ನೇನು, ಮಿಲ್ಲಿನ ನುಚ್ಚು, ತೌಡು. ಹೊಲಕ್ಕೆ ಬಿಡೋ ಹಾಗಿಲ್ಲ. ಒಟ್ಲು ಹಾಕಿದ ಮೇಲೆ ಪೈರು ಕೆದಕ್ತವೆ ಅಂತ ಪಕ್ಕದವರು ಜಗಳಕ್ಕೆ ಬರ್ತಾರೆ. ಕೂಡಿಹಾಕಿದ್ದಾರೆ.

ಡಾಕ್ಟರು: ಅಲ್ಲಿಗೆ ಸಿಕ್ಕಿತು. ಅಕ್ಕಿ ನುಚ್ಚಲ್ಲಿ ಎ ಅನ್ನಾಂಗ ಇಲ್ಲವೇ ಇಲ್ಲ ಅನ್ನಬಹುದು. ರಾಗೀಲೂ ಅಷ್ಟಕ್ಕಷ್ಟೆ. ಹಿತ್ತಲಲ್ಲಿ ಸುತ್ತೋ ಕೋಳಿಗೆ ಹಸಿರು ಹುಲ್ಲು, ಎಳೆ ಸೊಪ್ಪು ಸಿಗುತ್ತೆ, ಕೊರತೆ ಕಾಣಲ್ಲ. ಅದೇ ಕೋಳೀನ ತಿಂಗಳುಗಟ್ಟಲೆ ಕೂಡಿಹಾಕಿ ಬರೀ ನುಚ್ಚು ಹಾಕಿದ್ರೆ ಪಿತ್ತಜನಕಾಂಗದಲ್ಲಿ ಕೂಡಿಟ್ಟಿದ್ದ ಅನ್ನಾಂಗ ಖಾಲಿಯಾಗುತ್ತೆ. ಕಣ್ಣೀರಿನ ಗ್ರಂಥಿ ಒಣಗುತ್ತೆ, ಕಣ್ಣಿನ ಪೊರೆ ಒರಟಾಗುತ್ತೆ, ರೆಪ್ಪೆ ಒಳಗೆ ಆ ಬಿಳಿ ಗಟ್ಟಿ ಸೇರುತ್ತೆ. ಬಾಯಿ, ಅನ್ನನಾಳದಲ್ಲಿ ಸಣ್ಣ ಬಿಳಿ ಗುಳ್ಳೆನೂ ಕಾಣಬಹುದು. ಇಂಥ ಹೇಟೆಯ ಮೊಟ್ಟೆಯಿಂದ ಬಂದ ಮರಿಗೆ ಹುಟ್ಟಿನಿಂದಲೇ ಕೊರತೆ.

ಅಕ್ಕ: ಮೆಡಿಕಲ್ ಸ್ಟೋರಲ್ಲಿ ಸಿಗೋ ಟಾನಿಕ್ಕು ಕುಡಿಸಿದ್ರೆ ಆಯ್ತಲ್ಲ.

ಡಾಕ್ಟರು: ಕಾಯಿಲೆ ಬಂದಿರೋ ಕೋಳಿಗೆ ಡಾಕ್ಟರು ಹೇಳಿದಷ್ಟು ದಿನ ಕುಡಿಸಲಿ. ಮಿತಿ ಮೀರಿದ್ರೆ ಎ ಅನ್ನಾಂಗವೇ ವಿಷ. ಉಳಿದ ಕೋಳಿಗೆ ಮದ್ದು ಬೇಲೀಲೇ ಇದೆ. ನುಗ್ಗೆ ಸೊಪ್ಪು, ಅಗಸೆ ಸೊಪ್ಪು, ಹೊನಗೊನ್ನೆ, ದಂಟು. ಇವನ್ನ ಕಟ್ಟು ಕಟ್ಟಿ ಕೋಳಿಯ ಕೊಕ್ಕಿಗೆ ಎಟುಕೋ ಎತ್ತರಕ್ಕೆ ತೂಗುಬಿಟ್ಟರೆ ತುಳಿದು ಹಾಳು ಮಾಡದೆ ತಿಂತವೆ. ನುಚ್ಚಿನ ಜೊತೆ ಹಳದಿ ಜೋಳ ಒಡೆದು ಹಾಕಲಿ. ಹಣ್ಣಾದ ಪರಂಗಿ, ಕುಂಬಳದ ತಿರುಳು ಇದ್ದರೆ ಅದೂ ಸರಿ.

ಅಕ್ಕ: ಸಂತೆ ಕೋಳಿ ತಂದ್ರೆ ಕಣ್ಣು ಬರುತ್ತೆ ಅಂತಾರಲ್ಲ, ಅದು ನಿಜವಾ? ಹುಣಸೂರು ಸಂತೆಯಿಂದ ಹುಂಜ ತಂದವರ ಮನೇಲಿ ವಾರ ತುಂಬೋದ್ರೊಳಗೆ ಎಲ್ಲಾ ಕೋಳೀದೂ ಮೋರೆ ಊದಿಹೋಗಿತ್ತು.

ಡಾಕ್ಟರು: ಆ ಸಂತೆ ಅಂತಲ್ಲ, ಯಾವ ಸಂತೆಯಾದರೂ ಅಷ್ಟೇ. ನೂರು ಹಿತ್ತಲ ಕೋಳಿ ಒಂದೇ ಮಂಕರೀಲಿ ಕೂತಿರ್ತವೆ. ನೀವು ಹೇಳೋದು ಕೊರೈಜಾ ಇರಬೇಕು. ಬ್ಯಾಕ್ಟೀರಿಯಾದಿಂದ ಬರೋ ನೆಗಡಿ. ತಗಲಿದ ಒಂದರಿಂದ ಮೂರು ದಿನದಲ್ಲೇ ಕಾಣಿಸಿಕೊಳ್ಳುತ್ತೆ. ಕಣ್ಣ ಕೆಳಗೆ ಮುಖದ ಮೂಳೆ ಪಕ್ಕ ಒಂದು ಟೊಳ್ಳು ಇದೆ, ಅದರೊಳಗೆ ಕೀವು ತುಂಬಿ ಮುಖ ಊದುತ್ತೆ, ಕಣ್ಣು ಮುಚ್ಚುತ್ತೆ. ಮೂಗಿನ ಸುರಿಕೆಗೆ ಕೆಟ್ಟ ನಾತ. ಆ ನಾತವೇ ಅದರ ಗುರುತು. ಎಲ್ಲಾ ಕೋಳಿಯೂ ಒಂದೇ ಬಾನೀಲಿ ನೀರು ಕುಡೀತಾವಲ್ಲ, ಅಲ್ಲಿಂದ ಹರಡುತ್ತೆ.

ಅಕ್ಕ: ಕೆಲವಕ್ಕೆ ನಾತ ಇರಲ್ಲ, ಕಣ್ಣ ಮೂಲೇಲಿ ಬರೀ ಸೋಪಿನ ನೊರೆ ಥರ ಬರುತ್ತೆ. ರಾತ್ರಿ ಗೊರಗೊರ ಅಂತವೆ.

ಡಾಕ್ಟರು: ಚೆನ್ನಾಗಿ ನೋಡಿದ್ದೀರಿ. ಅದು ಮೈಕೋಪ್ಲಾಸ್ಮಾ, ನಾವು ಸಿ.ಆರ್.ಡಿ. ಅಂತೀವಿ, ದೀರ್ಘ ಉಸಿರಾಟದ ರೋಗ. ಅದು ಮೊಟ್ಟೆಯೊಳಗಿಂದಲೇ ಮರಿಗೆ ಹೋಗುತ್ತೆ. ಕೊರೈಜಾಕ್ಕೂ ಇದಕ್ಕೂ ಆಂಟಿಬಯೋಟಿಕ್ ಇದೆ, ಕೇಳುತ್ತೆ. ಆದ್ರೆ ಗುಣ ಕಂಡ ಕೋಳಿ ರೋಗವನ್ನ ಮೈಯಲ್ಲಿ ಇಟ್ಕೊಂಡೇ ಓಡಾಡುತ್ತೆ. ನೋಡೋಕೆ ಚೆಂದ, ಪಕ್ಕದ ಕೋಳಿಗೆ ಅಂಟಿಸುತ್ತೆ. ಹೊಸ ಕೋಳೀನ ಎರಡು ಮೂರು ವಾರ ಬೇರೆ ಕಡೆ ಕಟ್ಟಿ, ಬೇರೆ ಬಾನೀಲಿ ನೀರು ಕೊಟ್ಟು ನೋಡಿ, ಆಮೇಲೆ ಒಳಗೆ ಬಿಡಿ ಅನ್ನೋದು ಅದಕ್ಕೇ. ರೋಗ ಬಂದು ಉಳಿದ ಕೋಳೀನ ಸಾಕೋದಕ್ಕಿಂತ ತೆಗೆದುಹಾಕೋದು ವಾಸಿ.

ಅಕ್ಕ: ಅದು ನಿಮ್ಮ ಪುಸ್ತಕದ ಮಾತು ಡಾಕ್ಟ್ರೇ. ನನ್ನ ಒಂದು ಹೇಟೆ ಕಾವು ಕೂತ್ರೆ ಒಂದು ಮೊಟ್ಟೆನೂ ಕೆಡಿಸಲ್ಲ, ಹದ್ದು ಬಂದ್ರೆ ಎದುರು ನಿಂತು ಮರಿ ಕಾಯುತ್ತೆ. ಅದನ್ನ ಒಂದು ನೆಗಡಿಗೆ ತೆಗೆದುಹಾಕಿ ಅಂದ್ರೆ ಯಾರು ಕೇಳ್ತಾರೆ? ಐದು ಸಾವಿರ ಕೋಳಿ ಇರೋ ಫಾರಂಗೆ ಹೇಳೋ ಮಾತನ್ನ ಹತ್ತು ಕೋಳಿ ಇರೋ ಹಿತ್ತಲಿಗೆ ಹೇಳ್ತೀರಿ.

ಡಾಕ್ಟರು: ಒಪ್ಪಿದೆ. ಹಾಗಾದ್ರೆ ಇಟ್ಕೊಳ್ಳಿ, ಎರಡು ಷರತ್ತಿನ ಮೇಲೆ. ಅದನ್ನ ಹೊಸ ಮರಿಗಳ ಜೊತೆ ಸೇರಿಸಬೇಡಿ. ಮಾರಬೇಡಿ, ಯಾರಿಗೂ ಮರಿ ಮಾಡಿಸೋಕೆ ಕೊಡಬೇಡಿ.

ಅಕ್ಕ: ಆಯ್ತು. ಈಗ ಕೆಂಚು ಹೇಟೆ ವಿಷಯಕ್ಕೆ ಬನ್ನಿ. ಗೂಡು ಸರಿಮಾಡೋದು ನಾಳೆ, ಕಣ್ಣು ಇವತ್ತು. ಆ ಗಟ್ಟಿ ಗೀಜಿಗೆ ಏನು ಮಾಡ್ಲಿ? ಎಷ್ಟು ಒರೆಸಿದ್ರೂ ಬರ್ತಿಲ್ಲ.

ಡಾಕ್ಟರು: ಬರಲ್ಲ. ನಮ್ಮ ಗಾಯದ ಕೀವು ನೀರಾಗಿ ಸುರಿಯುತ್ತೆ. ಕೋಳಿಯ ಬಿಳಿ ರಕ್ತಕಣಗಳಲ್ಲಿ ಕೀವನ್ನ ಕರಗಿಸೋ ಒಂದು ಕಿಣ್ವ ಇಲ್ಲ, ಅದಕ್ಕೇ ಅದರ ಕೀವು ಗಟ್ಟಿಯಾಗಿ ಬಿಲ್ಲೆ ಕಟ್ಟುತ್ತೆ. ಬಿಲ್ಲೆ ಒಳಗಿರೋವರೆಗೂ ಮೇಲೆ ಎಷ್ಟು ಡ್ರಾಪ್ಸ್ ಹಾಕಿದ್ರೂ ಅದು ಕಣ್ಣಿಗೆ ಮುಟ್ಟಲ್ಲ. ತನ್ನಿ ಕೋಳೀನ. ಒಂದು ಹಳೇ ಪಂಚೆ ತನ್ನಿ. ಅರ್ಧ ಲೀಟರ್ ನೀರು ಕುದಿಸಿ, ತಲೆ ತಟ್ಟಿದ ಒಂದು ಟೀ ಚಮಚ ಉಪ್ಪು ಹಾಕಿ, ಮುಂಗೈಗೆ ಬಿಟ್ಕೊಂಡ್ರೆ ಉಗುರು ಬೆಚ್ಚಗಿರೋ ಹಾಗೆ ಆರಿಸಿ.

ಅಕ್ಕ: ತಂದೆ. ಹಿಡಿದ್ರೆ ಒದರುತ್ತೆ ನೋಡಿ.

ಡಾಕ್ಟರು: ರೆಕ್ಕೆ ಸಮೇತ ಪಂಚೇಲಿ ಸುತ್ತಿ, ತಲೆ ಮಾತ್ರ ಹೊರಗಿರಲಿ. ಎದೆ ಒತ್ತಬೇಡಿ. ಕೋಳಿ ಉಸಿರಾಡಬೇಕಾದ್ರೆ ಎದೆಮೂಳೆ ಏಳಬೇಕು, ಗಟ್ಟಿಯಾಗಿ ಅದುಮಿದ್ರೆ ಉಸಿರು ಕಟ್ಟುತ್ತೆ. ಕಂಕುಳಲ್ಲಿ ಹಗುರವಾಗಿ ಇಟ್ಕೊಳ್ಳಿ. ಈಗ ಹತ್ತಿ ಉಂಡೆಯನ್ನ ಉಪ್ಪುನೀರಲ್ಲಿ ಅದ್ದಿ, ಹಿಂಡದೆ ಕಣ್ಣಿನ ಮೇಲೆ ಇಟ್ಟು ಹಿಡ್ಕೊಳ್ಳಿ. ಒರೆಸಬೇಡಿ. ಆರಿದ್ರೆ ಇನ್ನೊಂದು ಹತ್ತಿ. ನಾಲ್ಕೈದು ಸಲ ಹೀಗೆ ಮಾಡಿದ್ರೆ ರೆಪ್ಪೆ ಅಂಚಿನ ಒಣ ಗೀಜು ನೆನೆಯುತ್ತೆ. ನೋಡಿ, ಬಿಡ್ತಾ ಇದೆ.

ಅಕ್ಕ: ಅಯ್ಯೋ, ಒಳಗೆ ಬಿಳೀದು ಕಾಣ್ತಿದೆ. ಉಗುರಲ್ಲಿ ತೆಗೀಲಾ?

ಡಾಕ್ಟರು: ಉಗುರೂ ಬೇಡ, ಪಿನ್ನೂ ಬೇಡ. ಹೆಬ್ಬೆರಳಿಂದ ಕೆಳರೆಪ್ಪೆಯನ್ನ ಸ್ವಲ್ಪ ಕೆಳಗೆಳೀರಿ. ಸೂಜಿ ಇಲ್ಲದ ಸಿರಿಂಜಲ್ಲಿ ಉಪ್ಪುನೀರು ತಗೊಂಡು ಕೊಕ್ಕಿನ ಕಡೆಯಿಂದ ಹಿಂದಕ್ಕೆ ಸಣ್ಣಗೆ ಬಿಡಿ. ಹಾಗೆ. ಇನ್ನೊಮ್ಮೆ. ಜಾರಿತು ನೋಡಿ, ಒದ್ದೆ ಹತ್ತಿಯಿಂದ ಅಂಚಿಗೆ ತಳ್ಳಿ. ಬಂತು. ಈಗ ಕಣ್ಣುಗುಡ್ಡೆ ನೋಡಿ, ಒಳಮೂಲೆಯಿಂದ ತೆಳ್ಳನೆ ಪರದೆಯೊಂದು ಸರಕ್ಕನೆ ಬಂದು ಹೋಗ್ತಿದೆ ಅಲ್ವಾ, ಅದು ಕೋಳಿಯ ಮೂರನೇ ರೆಪ್ಪೆ. ಪೊರೆ ಬಂತು ಅಂತ ಹೆದರಿ ಅದನ್ನ ಎಳೆದವರೂ ಇದ್ದಾರೆ. ಅದರ ಕೆಳಗೇ ನೋಡಬೇಕು, ಹೊಟ್ಟಿನ ಚೂರು ಇದೆಯಾ ಅಂತ. ಕೆಲವು ಸಲ ದಾರದ ಹಾಗೆ ಸಣ್ಣ ಬಿಳಿ ಹುಳುಗಳು ಅಲ್ಲೇ ಹರಿದಾಡ್ತಿರ್ತವೆ. ಒಂದು ಜಾತಿ ಜಿರಳೆ ತಿಂದ ಕೋಳಿಗೆ ಬರೋ ಕಣ್ಣುಹುಳು. ಅದನ್ನ ಮರಗಟ್ಟಿಸೋ ಹನಿ ಹಾಕಿ ಡಾಕ್ಟರೇ ತೆಗೀಬೇಕು. ಇಲ್ಲಿ ಹುಳು ಇಲ್ಲ. ಕಣ್ಣು ಹೊಳೀತಿದೆ, ಮಸುಕಿಲ್ಲ. ಈ ಕಣ್ಣು ಉಳೀತು.

ಅಕ್ಕ: ದಿನಕ್ಕೆ ಎಷ್ಟು ಸಲ ಹೀಗೆ?

ಡಾಕ್ಟರು: ಎರಡು ಸಲ, ಗೀಜು ನಿಲ್ಲೋ ತನಕ. ಬೇರೆ ಕುಕ್ಕೇಲಿ, ನೆರಳಲ್ಲಿ ಇಡಿ. ಒಕ್ಕಣ್ಣ ಕೋಳೀನ ಉಳಿದವು ಕುರುಡು ಬದಿಯಿಂದ ಕುಕ್ತವೆ. ಕಾಳು, ನೀರನ್ನ ಕಾಣೋ ಕಣ್ಣಿನ ಬದೀಲಿ ಇಡಿ. ಆಮೇಲೆ ಸೋಪಿನಲ್ಲಿ ಕೈ ತೊಳೀರಿ. ಕೋಳಿ ಕಣ್ಣು ಮುಟ್ಟಿದ ಕೈಯಲ್ಲಿ ನಿಮ್ಮ ಕಣ್ಣು ಉಜ್ಜಬೇಡಿ. ಕೋಳಿಗೆ ಬರೋ ಕೊಕ್ಕರೆ ರೋಗದ ವೈರಸ್ಸು ಮನುಷ್ಯರ ಕಣ್ಣನ್ನೂ ಕೆಂಪು ಮಾಡುತ್ತೆ.

ಅಕ್ಕ: ನಮ್ಮನೇಲಿ ಮಗೂಗೆ ಕಣ್ಣು ಬಂದಾಗ ತಂದ ಮುಲಾಮು ಇದೆ. ಮುತ್ತಿನ ಥರ ಕ್ಯಾಪ್ಸೂಲು, ಚುಚ್ಚಿ ಹಚ್ಚೋದು. ಅದನ್ನೇ ಹಚ್ಚಲಾ?

ಡಾಕ್ಟರು: ಅದರ ಮೇಲೆ ಕ್ಲೋರಾಂಫೆನಿಕಾಲ್ ಅಂತ ಬರೆದಿದ್ದರೆ ಬೇಡ. ಮೊಟ್ಟೆ, ಮಾಂಸಕ್ಕೆ ಸಾಕೋ ಪ್ರಾಣಿಗೆ ಅದನ್ನ ಬಳಸಬಾರದು ಅಂತ 2025ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದೆ. ಮನುಷ್ಯರಲ್ಲಿ ಅಪರೂಪಕ್ಕೆ ಅದು ಮೂಳೆಯೊಳಗಿನ ರಕ್ತದ ಮಜ್ಜೆಯನ್ನೇ ಕೆಡಿಸುತ್ತೆ. ಎಷ್ಟು ಪ್ರಮಾಣ ಸುರಕ್ಷಿತ ಅಂತ ಗೆರೆ ಎಳೆಯೋಕೆ ಆಗದ ಔಷಧ. ಕೋಳಿ ಕಣ್ಣಿಗೆ ಹಾಕಿದ್ದು ಕಣ್ಣಲ್ಲೇ ನಿಲ್ಲಲ್ಲ, ಮೂಗಿನ ದಾರೀಲಿ ಗಂಟಲಿಗೆ ಇಳಿಯುತ್ತೆ. ಇನ್ನು ಡೆಕ್ಸಾಮೆಥಾಸೋನ್ ಸೇರಿದ ಡ್ರಾಪ್ಸೂ ಬೇಡ. ಕೆಂಪು ಬೇಗ ಇಳಿಯುತ್ತೆ, ಚೆನ್ನಾಯ್ತು ಅಂತೀರಿ, ಒಳಗೆ ಹುಣ್ಣಿದ್ದರೆ ಕಣ್ಣೇ ತೂತಾಗುತ್ತೆ.

ಅಕ್ಕ: ಅಂಗಡಿಯವನು ನೀರಿಗೆ ಹಾಕೋ ಔಷಧಿ ಕೊಡ್ತಾನೆ. ಎಲ್ಲಾ ಕೋಳಿಗೂ ಆಗುತ್ತೆ ಅಂತಾನೆ.

ಡಾಕ್ಟರು: ಆ ಬಾಟಲೀಲಿ ಬಹಳ ಸಲ ಎನ್ರೋಫ್ಲಾಕ್ಸಾಸಿನ್ ಇರುತ್ತೆ. ಅಮೆರಿಕದಲ್ಲಿ ಕೋಳಿಗೆ ಅದನ್ನ ಕೊಡೋದನ್ನ 2005ರಲ್ಲೇ ನಿಲ್ಲಿಸಿದರು, ಮನುಷ್ಯರ ರೋಗಾಣುಗಳೂ ಔಷಧಕ್ಕೆ ಬಗ್ಗದ ಹಾಗೆ ಆಗ್ತವೆ ಅಂತ. ನಮ್ಮಲ್ಲೂ ಕೊಲಿಸ್ಟಿನ್ ಅನ್ನೋ ಕೊನೇ ಅಸ್ತ್ರದಂಥ ಔಷಧವನ್ನ ಪ್ರಾಣಿ ಸಾಕಣೆಯಿಂದ 2019ರಲ್ಲಿ ತೆಗೆದುಹಾಕಿದ್ದಾರೆ. ಹೊಗೆಯಿಂದ ಕಣ್ಣು ಉರಿಯೋ ಕೋಳಿಗೆ ಆಂಟಿಬಯೋಟಿಕ್ ಯಾಕೆ? ನುಚ್ಚು ತಿಂದು ಕಣ್ಣು ಕೆಟ್ಟ ಕೋಳಿಗೆ ಯಾಕೆ? ಸಿಡುಬಿಗೆ ಯಾಕೆ? ಕೊರೈಜಾ, ಸಿ.ಆರ್.ಡಿ. ಅಂತ ಡಾಕ್ಟರು ನೋಡಿ ಹೇಳಿದ್ರೆ ಪೂರ್ತಿ ದಿನ ಕೊಡಿ. ಎಷ್ಟು ದಿನ ಮೊಟ್ಟೆ ತಿನ್ನಬಾರದು, ಎಷ್ಟು ದಿನ ಕೊಯ್ಯಬಾರದು ಅಂತ ಬಾಯಿಬಿಟ್ಟು ಕೇಳಿ. ಸಲ್ಫಾ ಗುಂಪಿನ ಔಷಧ ಮೊಟ್ಟೇಲಿ ಬಹಳ ದಿನ ಉಳೀತದೆ.

ಅಕ್ಕ: ಮನೇಲೇ ನೋಡ್ಕೊಳ್ಳಬಾರದು, ಆಗಲೇ ಡಾಕ್ಟರಿಗೆ ಹೇಳಬೇಕು ಅನ್ನೋದು ಯಾವಾಗ?

ಡಾಕ್ಟರು: ಕಣ್ಣಿನ ಜೊತೆ ಕತ್ತು ತಿರುಚಿ ಹಸಿರು ಭೇದಿ ಆಗ್ತಿದ್ದರೆ, ಬಾಯಿ ತೆಗೆದು ಉಸಿರಾಡ್ತಿದ್ದರೆ ಅದು ಕೊಕ್ಕರೆ ರೋಗ ಇರಬಹುದು. ಹಿಮಾಲಯದ ಕಡೆ ರಾಣಿಖೇತ್ ಅನ್ನೋ ಊರಲ್ಲಿ 1920ರ ದಶಕದಲ್ಲಿ ಕಂಡಿದ್ದಕ್ಕೆ ರಾಣಿಖೇತ್ ರೋಗ ಅಂತಲೂ ಹೆಸರು. ಬಂದ ಮೇಲೆ ಮದ್ದಿಲ್ಲ, ಗೂಡಿಗೆ ಗೂಡೇ ಖಾಲಿ ಮಾಡುತ್ತೆ. ಮುಖ ಊದಿ, ಜುಟ್ಟು ನೀಲಿಯಾಗಿ, ಬೆಳಗಾಗೋದ್ರೊಳಗೆ ಸಾಲು ಸಾಲಾಗಿ ಸತ್ತಿದ್ದರೆ ಹಕ್ಕಿಜ್ವರದ ಅನುಮಾನ. ದೂರದ ಮಾತಲ್ಲ, 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಲ್ಲೇ ಅದು ಕಂಡು, ಸುತ್ತಲ ಕೋಳಿಗಳನ್ನೆಲ್ಲಾ ಕೊಲ್ಲಬೇಕಾಯ್ತು. ಅಂಥಾಗ ಸತ್ತ ಕೋಳೀನ ಮುಟ್ಟಬೇಡಿ, ಕೊಯ್ಯಬೇಡಿ, ನಾಲೆಗೆ ಎಸೀಬೇಡಿ. ಪಶು ಆಸ್ಪತ್ರೆಗೋ 1962 ಸಹಾಯವಾಣಿಗೋ ಫೋನ್ ಮಾಡಿ.

ಅಕ್ಕ: ಗೀಜಿಲ್ಲ, ನೀರಿಲ್ಲ, ಆದ್ರೂ ಕಣ್ಣು ಬೂದಿ ಬಣ್ಣಕ್ಕೆ ತಿರುಗಿರುತ್ತಲ್ಲ, ಅದು?

ಡಾಕ್ಟರು: ಮಾರೆಕ್ಸ್ ರೋಗ ಇರಬಹುದು. 1907ರಲ್ಲಿ ಹಂಗೇರಿಯ ಪಶುವೈದ್ಯ ಮಾರೆಕ್ ಮೊದಲು ಬರೆದಿಟ್ಟಿದ್ದು. ಪಾಪೆ ಗುಂಡಗಿರದೆ ಸೊಟ್ಟಗಾಗಿರುತ್ತೆ. ಅದಕ್ಕೆ ಹನಿಯೂ ಇಲ್ಲ, ಮುಲಾಮೂ ಇಲ್ಲ. ಲಸಿಕೆ ಹಾಕೋದು ಮೊಟ್ಟೆ ಒಡೆದ ದಿನವೇ.

ಅಕ್ಕ: ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇಷ್ಟೆಲ್ಲಾ ಪಾಡು ಒಂದು ಕೋಳಿಗಾ? ಆಟೋ ಬಾಡಿಗೆ ಕೊಟ್ಟು ಆಸ್ಪತ್ರೆಗೆ ಹೊತ್ಕೊಂಡು ಹೋಗೋದಕ್ಕಿಂತ ಕಣ್ಣು ಮುಚ್ಚಿದ ದಿನವೇ ಸಾರು ಮಾಡೋರು, ಇಲ್ಲಾ ಸಂತೆಗೆ ಹಾಕೋರು ಜಾಸ್ತಿ.

ಡಾಕ್ಟರು: ಒಂದು ಕೋಳಿಗೆ ಖರ್ಚು ಮಾಡಿ ಅಂತ ನಾನೂ ಹೇಳಲ್ಲ. ಇವತ್ತು ಕೆಂಚು ಹೇಟೆಗೆ ಖರ್ಚಾದದ್ದೇನು? ಉಪ್ಪು, ಹತ್ತಿ, ಒಂದು ಗಳಿಗೆ. ದುಡ್ಡು ಹಾಕೋದಾದ್ರೆ ಲಸಿಕೆಗೆ ಹಾಕಿ. ಮರಿ ಹುಟ್ಟಿದ ಮೊದಲ ವಾರದಲ್ಲಿ ಕೊಕ್ಕರೆ ರೋಗದ ಲಸಿಕೆ ಒಂದು ಹನಿ. ಎಲ್ಲಿ ಹಾಕ್ತಾರೆ ಗೊತ್ತಾ? ಕಣ್ಣಿಗೇ. ಕೋಳಿಯ ಕಣ್ಣುಗುಡ್ಡೆ ಹಿಂದೆ ಹಾರ್ಡರ್ ಗ್ರಂಥಿ ಅಂತ ಇದೆ, ಅಲ್ಲೇ ರೋಗನಿರೋಧಕ ಶಕ್ತಿ ಹುಟ್ಟುತ್ತೆ. ನಾಲ್ಕನೇ ವಾರಕ್ಕೆ ಇನ್ನೊಂದು ಹನಿ, ಎಂಟನೇ ವಾರಕ್ಕೆ ಚುಚ್ಚುಮದ್ದು. ನಡುವೆ ಆರೇಳು ವಾರಕ್ಕೆ ಸಿಡುಬಿನ ಲಸಿಕೆ, ರೆಕ್ಕೆಯ ತೆಳು ಚರ್ಮಕ್ಕೆ ಚುಚ್ಚೋದು. ಏಳೆಂಟು ದಿನದ ಮೇಲೆ ಚುಚ್ಚಿದ ಜಾಗದಲ್ಲಿ ಸಣ್ಣ ಗುಳ್ಳೆ ಎದ್ದಿದ್ದರೆ ಹತ್ತಿದೆ ಅಂತ ಲೆಕ್ಕ.

ಅಕ್ಕ: ಕೇಳಿದ್ದೀನಿ. ಹಾಕಿಸೋಕೂ ಹೋಗಿದ್ದೆ. ನಿಮ್ಮ ಹತ್ತು ಕೋಳಿಗೆ ನೂರು ಕೋಳಿಯ ಬಾಟಲು ಒಡೆಯೋಕಾಗಲ್ಲ ಅಂದ್ರು.

ಡಾಕ್ಟರು: ಅಂದಿದ್ದರಲ್ಲಿ ತಪ್ಪಿಲ್ಲ. ಲಸಿಕೆ ಬರೋದು ನೂರು, ಇನ್ನೂರು, ಐನೂರು ಕೋಳಿಯ ಲೆಕ್ಕದಲ್ಲಿ. ಐಸ್ ಮೇಲೆ ತರಬೇಕು, ಕಲಸಿದ ಮೇಲೆ ಎರಡು ಗಂಟೆ ಒಳಗೆ ಮುಗಿಸಬೇಕು. ಹಿತ್ತಲ ಕೋಳಿಗೆ ಲಸಿಕೆ ತಪ್ಪೋದು ಬಹಳ ಕಡೆ ಇದೇ ಕಾರಣಕ್ಕೆ. ಆದ್ರೆ ನಿಮ್ಮ ಬೀದೀಲಿ ಎಷ್ಟು ಮನೇಲಿ ಕೋಳಿ ಇದೆ?

ಅಕ್ಕ: ಕೋಳಿ ಇಲ್ಲದ ಮನೆ ಯಾವುದು? ಸಂಘದಲ್ಲಿರೋ ಹೆಂಗಸರದ್ದೇ ಸೇರಿಸಿದ್ರೆ ನೂರೈವತ್ತಕ್ಕೆ ಮೋಸ ಇಲ್ಲ.

ಡಾಕ್ಟರು: ಹಾಗಾದ್ರೆ ಬಾಟಲು ದೊಡ್ಡದಾಯ್ತು ಅನ್ನೋ ಮಾತೆಲ್ಲಿ ಬಂತು? ಸಂಘದ ಸಭೆ ದಿನ ಒಂದು ತಾರೀಕು ಗೊತ್ತು ಮಾಡಿ. ಪ್ರಾಣಿ ಆರೈಕೆಗೆ ತರಬೇತಿ ಪಡೆದ ಪಶುಸಖಿಯನ್ನ ಕರೀರಿ, ಇಲ್ಲದಿದ್ದರೆ ಪಶು ಆಸ್ಪತ್ರೆಯವರಿಗೆ ಒಂದು ವಾರ ಮುಂಚೆ ಪಟ್ಟಿ ಕೊಡಿ, ಯಾರ ಮನೇಲಿ ಎಷ್ಟು ಕೋಳಿ, ಎಷ್ಟು ವಾರದ ಮರಿ ಅಂತ. ಹಿಂದಿನ ರಾತ್ರಿ ಮುಚ್ಚಿದ ಗೂಡನ್ನ ಲಸಿಕೆ ಹಾಕೋರು ಬರೋವರೆಗೂ ಯಾರೂ ತೆಗೀಬಾರದು. ಬೆಳಕು ಹರಿಯೋ ಹೊತ್ತಿಗೆ ಬೀದಿ ಮುಗಿಯುತ್ತೆ. ಕಾಯಿಲೆ ಇರೋ ಕೋಳಿಗೆ ಮಾತ್ರ ಆ ದಿನ ಲಸಿಕೆ ಬೇಡ.

ಅಕ್ಕ: ಸಂಘದಲ್ಲಿ ಮಾತೆತ್ತುತ್ತೀನಿ. ಅಲ್ಲಿ ಎಲ್ಲರಿಗೂ ಹೇಳೋಕೆ ಒಂದೇ ಮಾತು ಹೇಳಿ ಅಂದ್ರೆ ಏನು ಹೇಳ್ತೀರಿ?

ಡಾಕ್ಟರು: ಕಣ್ಣು ಮುಚ್ಚಿದ ಕೋಳೀನ ಸಂತೆಗೆ ಹಾಕಬೇಡಿ. ಹುಣಸೂರಲ್ಲಿ ಮಾರಿದ್ದು ಕೋಟೆಗೆ ಹೋಗುತ್ತೆ, ಕೋಟೇದು ಕೆ.ಆರ್.ನಗರಕ್ಕೆ ಬರುತ್ತೆ, ಅಲ್ಲಿಂದ ಹಬ್ಬಕ್ಕೆ ಅಂತ ನಿಮ್ಮ ನೆಂಟರೇ ನಿಮ್ಮ ಮನೆಗೆ ತರ್ತಾರೆ. ಬೇರೆ ಕುಕ್ಕೇಲಿ ಹಾಕಿ ನೋಡ್ಕೊಳ್ಳಿ, ಗೂಡು ಬಗ್ಗಿ ನೋಡಿ, ಆಗದಿದ್ದರೆ ಡಾಕ್ಟರಿಗೆ ತೋರಿಸಿ. ಮಾರೋದು ಮಾತ್ರ ಬೇಡ.